ಪಾದೂರು ಗುರುರಾಜ ಭಟ್ಟರ ಜಾಡಿನಲ್ಲಿ

1975ರಲ್ಲಿ ಹೊರಬಂದ ಒಂದು ಇಂಗ್ಲಿಷ್ ಪುಸ್ತಕ ಎಲ್ಲಿ ಪ್ರಕಟವಾಯಿತು ಎಂಬ ಸಣ್ಣ ಪ್ರಶ್ನೆಗೆ ಗ್ರಂಥಸೂಚಿಗಳು ಒಂದೇ ಉತ್ತರ ಕೊಡುವುದಿಲ್ಲ. 'ಸ್ಟಡೀಸ್ ಇನ್ ತುಳುವ ಹಿಸ್ಟರಿ ಆ್ಯಂಡ್ ಕಲ್ಚರ್' ಅದರ ಹೆಸರು. ಬರೆದವರು ಪಾದೂರು ಗುರುರಾಜ ಭಟ್ಟರು. ಕೆಲವು ಸೂಚಿಗಳು ಪ್ರಕಟಣೆಯ ಸ್ಥಳ ಮಣಿಪಾಲ ಎನ್ನುತ್ತವೆ, ಕೆಲವು ಕಲ್ಯಾಣಪುರ ಎನ್ನುತ್ತವೆ. ಲೇಖಕರ ಹೆಸರನ್ನೂ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆದಿದ್ದಾರೆ. ಹಾಗಾಗಿ ಒಬ್ಬನೇ ಲೇಖಕ ಕಪಾಟಿನ ಎರಡು ಕಡೆ ಕೂತಿರುವುದುಂಟು. ಈ ಗೊಂದಲದ ಕಾರಣ ಸರಳ: ಪುಸ್ತಕ ಅಚ್ಚಾದದ್ದು ಮಣಿಪಾಲದಲ್ಲಿ, ಪ್ರಕಾಶನದ ಹೊಣೆ ಹೊತ್ತವರು ಲೇಖಕರೇ, ಅವರ ವಿಳಾಸ ಕಲ್ಯಾಣಪುರ. ಆದರೆ ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ತುಳುನಾಡಿನ ಬಗ್ಗೆ ಬರೆಯುವವರೆಲ್ಲ ಇಂದಿಗೂ ಕೈಗೆತ್ತಿಕೊಳ್ಳಲೇಬೇಕಾದ ಈ ಗ್ರಂಥದ ಬೆನ್ನಿಗೆ ದೊಡ್ಡ ಪ್ರಕಾಶನ ಸಂಸ್ಥೆ ಯಾವುದೂ ಇರಲಿಲ್ಲ. ಇದ್ದವರು ಒಂದು ಕಾಲೇಜಿನ ಪ್ರಿನ್ಸಿಪಾಲರು ಮಾತ್ರ.

ಭಟ್ಟರು 1924ರಲ್ಲಿ ಹುಟ್ಟಿ 1978ರಲ್ಲಿ ತೀರಿಕೊಂಡರು. ಅವರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. 'ಆ್ಯಂಟಿಕ್ವಿಟೀಸ್ ಆಫ್ ಸೌತ್ ಕೆನರಾ' 1969ರದು, ದೊಡ್ಡ ಗ್ರಂಥ 1975ರದು. ಅದಾದ ಮೂರೇ ವರ್ಷಕ್ಕೆ ಅವರಿಲ್ಲ. ಇತಿಹಾಸದ ಅಧ್ಯಾಪಕರಾದ ಅವರನ್ನು ಜನ ದೇವಸ್ಥಾನಗಳ ಕಾಲ ಹೇಳಿದವರು ಎಂದೇ ನೆನೆಯುತ್ತಾರೆ. ನನಗೆ ಬೇಕಾದದ್ದು ಬೇರೆ. ಈ ಕರಾವಳಿಯ ಜನರನ್ನು ಮತ, ಜಾತಿ, ಜನಾಂಗ ಎಂದು ವಿಂಗಡಿಸಿದ ಬರಹಗಳು ಇನ್ನೂರು ವರ್ಷಗಳಿಂದ ಬರುತ್ತಲೇ ಇವೆ. 'ಇವರು ಯಾರು' ಎಂದು ಕೇಳುವ ಆ ಬರಹಗಳ ನಡುವೆ, 'ಇದು ಎಲ್ಲಿ, ಇದರ ಪಕ್ಕದಲ್ಲಿ ಏನಿದೆ' ಎಂದು ಕೇಳುವ ಪದ್ಧತಿ ಯಾವಾಗ ಬಂತು? ಸಮಾಜ ಭೂಗೋಳ ಎಂಬ ಹೆಸರಿನ ವಿಭಾಗ ಇಲ್ಲಿನ ಕಾಲೇಜುಗಳಲ್ಲಿ ಆಗ ಇರಲಿಲ್ಲ. ಆದರೂ ಆ ಕೆಲಸವನ್ನು ಯಾರೋ ಮಾಡಿರಲೇಬೇಕು ಎಂಬ ಗುಮಾನಿಯಿಂದ ಭಟ್ಟರ ಜಾಡು ಹಿಡಿದೆ.

ಮೊದಲ ಅಡ್ಡಿ ಎದುರಾದದ್ದು ಅವರ ಊರಿನಲ್ಲೇ. ಪಾದೂರು ಎಂದು ಹುಡುಕಿದರೆ ಈಗ ಮೇಲೆ ಬರುವುದು ಕಚ್ಚಾತೈಲದ ಕಾಗದಪತ್ರ. ದೇಶದ ತುರ್ತು ಬಳಕೆಗೆಂದು ಇಲ್ಲಿನ ಬಂಡೆಯ ಒಡಲಲ್ಲಿ 25 ಲಕ್ಷ ಟನ್ ತೈಲ ಹಿಡಿಸುವ ಗುಹೆಗಳನ್ನು ಕೊರೆದಿದ್ದಾರೆ. ಊರಿನ ಹಳೆಯ ದಾಖಲೆ ಅದರ ಕೆಳಗೆಲ್ಲೋ ಹೂತುಹೋಗುತ್ತದೆ. ಎರಡನೆಯ ಅಡ್ಡಿ ಗಡಿಗಳದು. ಇಂದು ಪಾದೂರು ಉಡುಪಿ ಜಿಲ್ಲೆಯ ಕಾಪು ತಾಲೂಕಿನಲ್ಲಿದೆ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಕಾಪು ತಾಲೂಕು ಇನ್ನೂ ಈಚಿನದು. ಭಟ್ಟರು ಹುಟ್ಟಿದಾಗ ಇದೆಲ್ಲ ಮದರಾಸು ಪ್ರಾಂತ್ಯದ ಸೌತ್ ಕೆನರಾ. ಅವರ ಮೂವತ್ತರ ಆಚೆ, 1956ರಲ್ಲಿ, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಇಂದಿನ ತಾಲೂಕಿನ ಹೆಸರು ಹಿಡಿದು ಹೊರಟರೆ ಹಳೆಯ ಕಡತ ಸಿಗುವುದಿಲ್ಲ. ಹಳೆಯ ಹೆಸರು ಹಿಡಿದರೆ ಚೆನ್ನೈ, ಮಂಗಳೂರು, ಬೆಂಗಳೂರು ಎಂದು ಕವಲೊಡೆಯುತ್ತದೆ. ಊರು ಇದ್ದಲ್ಲೇ ಇದೆ, ಕಾಗದಗಳು ಮಾತ್ರ ಊರೂರು ಅಲೆದಿವೆ.

ಹಾಗಾಗಿ ಹಿಂದಿನಿಂದ ಶುರುಮಾಡಿದೆ. ಟಿಪ್ಪುವಿನ ಪತನದ ನಂತರ, 1801ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಾರ್ಕಳ, ಉಡುಪಿಗಳನ್ನು ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಪ್ರವಾಸದ ಬರಹಕ್ಕೆ ದಿನಚರಿಯ ರೂಪವಿದೆ. ಅದರ ಗುಣವೂ ದೋಷವೂ ಅದೇ. ಇಂದು ಇಲ್ಲಿ ತಂಗಿದೆ, ಇಂಥವರನ್ನು ಕರೆಸಿ ಕೇಳಿದೆ, ಅವರು ಹೀಗೆಂದರು ಎಂದು ಅವನು ಬರೆಯುತ್ತಾನೆ. ಯಾವ ಊರಲ್ಲಿ ಕೇಳಿದ ಮಾತು ಎಂಬುದು ಉಳಿಯುತ್ತದೆ. ಆದರೆ ಕರೆಸಿದಾಗ ಬಂದವರು ಯಾರು, ಬರಲಾಗದೆ ಉಳಿದವರು ಯಾರು ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು.

ಆಮೇಲೆ ಬಂದ ಸರಕಾರಿ ಗ್ರಂಥಗಳಲ್ಲಿ ದಿನಚರಿ ಹೋಗಿ ಪಟ್ಟಿ ಬಂತು. ಕಲೆಕ್ಟರ್ ಆಗಿದ್ದ ಜೆ. ಸ್ಟರಕ್ 1894ರಲ್ಲಿ ಸೌತ್ ಕೆನರಾ ಮ್ಯಾನ್ಯುಯಲ್‌ನ ಮೊದಲ ಸಂಪುಟ ತಂದರು, ಮರುವರ್ಷ ಹೆರಾಲ್ಡ್ ಸ್ಟುವರ್ಟ್ ಎರಡನೆಯದನ್ನು ತಂದರು. ಮಳೆ, ಬೆಳೆ, ಗೇಣಿ, ಕಂದಾಯಗಳ ಜೊತೆಯಲ್ಲೇ ಜಾತಿಗಳೂ ಒಂದೊಂದಾಗಿ ಸಾಲಾಗಿ ನಿಂತವು. 1901ರ ಜನಗಣತಿಯ ಹೊತ್ತಿಗೆ ಎಚ್. ಎಚ್. ರಿಸ್ಲೆ ಈ ಸಾಲುಗಳ ಹಿಂದೆ ಜನಾಂಗವನ್ನು ಕಂಡರು. ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಕಡಿಮೆಯಾದಷ್ಟೂ ಜಾತಿಯ ಅಂತಸ್ತು ಹೆಚ್ಚು ಎಂಬುದು ಅವರ ವಾದ. ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಎಡ್ಗರ್ ಥರ್ಸ್ಟನ್ ಕೂಡ ಅಳತೆಯ ಉಪಕರಣ ಹಿಡಿದು ಜನರ ತಲೆ, ಮೂಗು ಅಳೆದವರು. ಕೆ. ರಂಗಾಚಾರಿಯವರ ನೆರವಿನೊಂದಿಗೆ ಅವರು 1909ರಲ್ಲಿ ತಂದ ಏಳು ಸಂಪುಟಗಳಲ್ಲಿ ದಕ್ಷಿಣದ ಜಾತಿ ಬುಡಕಟ್ಟುಗಳು ಇಂಗ್ಲಿಷ್ ಅಕಾರಾದಿಯಲ್ಲಿ ಕೂತಿವೆ.

ಈ ಅಕಾರಾದಿಯನ್ನು ತಾಳ್ಮೆಯಿಂದ ನೋಡಬೇಕು. ಬಂಟರು ಒಂದು ಸಂಪುಟದಲ್ಲಿ, ಕೊರಗರು ಇನ್ನೊಂದರಲ್ಲಿ, ಪಂಬದರು, ಪರವರು ಮತ್ತೊಂದರಲ್ಲಿ ಬರುತ್ತಾರೆ. ಊರಿನಲ್ಲಿ ಇವರೆಲ್ಲ ದೈವಾರಾಧನೆಯ ಒಂದೇ ನೇಮದ ಅಂಗಳದಲ್ಲಿ, ಒಂದೇ ರಾತ್ರಿ, ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತಾರೆ. ಗುತ್ತಿನ ಯಜಮಾನ ಚಾವಡಿಯಲ್ಲಿ, ದೈವ ಕಟ್ಟಿದವರು ಕೊಡಿಯಡಿಯಲ್ಲಿ, ಡೋಲು ಬಡಿಯುವ ಕೊರಗರು ಅಂಗಳದಾಚೆ. ಯಾರಿಗೆ ಎಷ್ಟು ಹತ್ತಿರ ಬರುವ ಹಕ್ಕಿದೆ, ದೈವ ಯಾರ ಮನೆತನದ ಹೆಸರನ್ನು ಮೊದಲು ಕರೆಯುತ್ತದೆ ಎಂಬುದರಲ್ಲೇ ಇಲ್ಲಿನ ಸಮಾಜದ ಏರುಪೇರೆಲ್ಲ ಇದೆ. ಅಕಾರಾದಿಯಲ್ಲಿ ಅದೇ ಮೊದಲು ಅಳಿಸಿಹೋಗುತ್ತದೆ. ಮೂಗಿನ ಸಂಖ್ಯೆಯ ವಾದವನ್ನು ಜಿ. ಎಸ್. ಘುರ್ಯೆ 1932ರ ತಮ್ಮ 'ಕಾಸ್ಟ್ ಆ್ಯಂಡ್ ರೇಸ್ ಇನ್ ಇಂಡಿಯಾ'ದಲ್ಲಿ ಅದೇ ಅಳತೆಗಳನ್ನು ಇಟ್ಟುಕೊಂಡು ಪರೀಕ್ಷಿಸಿದರು. ರಿಸ್ಲೆ ಹೇಳಿದ ಹೊಂದಿಕೆ ಉತ್ತರದ ಗಂಗಾಬಯಲಿನ ಸುತ್ತ ಮಾತ್ರ ಒಂದಿಷ್ಟು ಕಾಣುತ್ತದೆ, ಬೇರೆ ಪ್ರಾಂತ್ಯಗಳಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿದರು. ಜನಾಂಗದ ವಾದ ತಪ್ಪೆಂದು ಹೇಳಲು ಘುರ್ಯೆ ಬಳಸಿದ ಅಸ್ತ್ರವೂ 'ಎಲ್ಲಿ' ಎಂಬ ಪ್ರಶ್ನೆಯೇ ಎಂಬುದನ್ನು ಗಮನಿಸಬೇಕು.

ಜನರ ಬಾಯಲ್ಲಿರುವ ಕಥೆಗಳಾದರೂ ದಾರಿ ತೋರಿಸಬಹುದೇ? ತುಳುನಾಡಿನ ಅಳಿಯಸಂತಾನದ ಮೂಲ ಕೇಳಿದರೆ ಬಾರಕೂರಿನ ಭೂತಾಳಪಾಂಡ್ಯನ ಕಥೆ ಹೇಳುತ್ತಾರೆ. ಕುಂಡೋದರ ಭೂತ ಬಲಿ ಕೇಳಿತು, ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಬಂದಳು, ಅಂದಿನಿಂದ ಆಸ್ತಿ ಅಳಿಯನಿಗೆ. ಕಥೆಯ ಪ್ರಕಾರ ಇದೆಲ್ಲ ನಡೆದದ್ದು ಕ್ರಿಸ್ತಶಕದ ಮೊದಲ ಶತಮಾನದಲ್ಲಿ. ಈ ಭೂತಾಳಪಾಂಡ್ಯನ ಕಟ್ಟುಕಟ್ಟಳೆ ಎಂಬ ಬರಹ 19ನೇ ಶತಮಾನದಲ್ಲಿ ಅಚ್ಚಾಯಿತು, ನ್ಯಾಯಾಲಯಗಳಲ್ಲಿ ಆಧಾರವೆಂದು ಓಡಾಡಿತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಅದನ್ನು ಈಚೆಗೆ ಹುಟ್ಟಿಸಿದ ಖೋಟಾ ಎಂದರು. ತುಳುವರ ಭೂತಾರಾಧನೆಯ ಪಾಡ್ದನಗಳೆಂಬ ಹಾಡುಗಥೆಗಳ ಇಂಗ್ಲಿಷ್ ಅನುವಾದವನ್ನು ಕೂಡಿಸಿಟ್ಟಿದ್ದ ಬರ್ನೆಲ್ ಇವರೇ. ಅವರು ತೀರಿಕೊಂಡ ಮೇಲೆ, 1894ರಿಂದ, ಆ ಕಾಗದಗಳು 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಕಂತುಕಂತಾಗಿ ಬಂದವು. ಹಾಗಾದರೆ ಅವರ ಮಾತನ್ನು ಒಪ್ಪಿ ಅಳಿಯಕಟ್ಟೂ ಈಚಿನದು ಎನ್ನೋಣವೇ? ಅಲ್ಲಿ ನಿಂತು ಯೋಚಿಸಬೇಕು. ಕಾಗದ ಖೋಟಾ ಎಂದ ಮಾತ್ರಕ್ಕೆ ಕಟ್ಟಳೆ ಖೋಟಾ ಆಗುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು, ಆ ಸಾಕ್ಷಿಯ ಮೇಲೆ ತೇದಿ ಇರಬೇಕು.

ತೇದಿಯ ಹುಡುಕಾಟದಲ್ಲಿ ಭಟ್ಟರು ಒಂಟಿಯಲ್ಲ. ಗಣಪತಿರಾವ್ ಐಗಳರು 1923ರಲ್ಲೇ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಕನ್ನಡದಲ್ಲಿ ಬರೆದಿದ್ದರು. ಬಿ. ಎ. ಸಾಲೆತ್ತೂರರ ತುಳುವ ಇತಿಹಾಸ 1936ರಲ್ಲಿ ಬಂತು. ಕೆ. ವಿ. ರಮೇಶರು 1970ರಲ್ಲಿ ಶಾಸನಗಳನ್ನೇ ತಳಹದಿ ಮಾಡಿಕೊಂಡು ಜಿಲ್ಲೆಯ ರಾಜಕೀಯ ಇತಿಹಾಸ ಕಟ್ಟಿದರು. ಐಗಳರಿಗೆ ಐತಿಹ್ಯದ ಮೇಲೆ ಪ್ರೀತಿ, ಸಾಲೆತ್ತೂರರಿಗೆ ಐತಿಹ್ಯವನ್ನೂ ಶಾಸನವನ್ನೂ ಒಟ್ಟಿಗೆ ಹೊಂದಿಸುವ ಆಸೆ, ರಮೇಶರಿಗೆ ಕಲ್ಲಿನ ಮೇಲೆ ಬರೆದದ್ದೇ ಪ್ರಮಾಣ. ಭಟ್ಟರು ಈ ಮೂವರೂ ಹೆಚ್ಚು ಹೊತ್ತು ನಿಲ್ಲದ ಕಡೆ ನಿಂತರು. ಅಕ್ಷರವಿಲ್ಲದ ಕಲ್ಲಿನ ಮುಂದೆ, ಅಂದರೆ ಊರೂರಿನ ಗರ್ಭಗುಡಿಯಲ್ಲಿರುವ, ಶಾಸನವಿಲ್ಲದ, ತೇದಿಯಿಲ್ಲದ ಮೂರ್ತಿಗಳ ಮುಂದೆ ನಿಂತು ಫೋಟೋ ತೆಗೆದರು, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದರು.

ಈ ಪದ್ಧತಿಯ ಒಳಗೆ ಹೋಗದೆ ಅವರ ತೂಕ ತಿಳಿಯುವುದಿಲ್ಲ. ಮೂರ್ತಿಯ ಕಿರೀಟ ಎಷ್ಟು ಎತ್ತರ, ಹಿಂದಿನ ಪ್ರಭಾವಳಿ ಅದೇ ಕಲ್ಲಿನಲ್ಲಿ ಹೊರಹೊಮ್ಮಿದೆಯೇ ಅಥವಾ ಬೇರೆ ಮಾಡಿ ಜೋಡಿಸಿದ್ದೇ, ವಿಷ್ಣುವಿನ ಕೈಯ ಚಕ್ರದ ಅಂಚು ನಮ್ಮತ್ತ ಇದೆಯೇ, ಮುಖ ನಮ್ಮತ್ತ ಇದೆಯೇ, ಉಡುಗೆಯ ನೆರಿಗೆ ಎಷ್ಟು ಬಿಡಿಯಾಗಿದೆ, ಇಂಥವನ್ನು ನೋಡಿ ಹಳತು ಹೊಸತು ಹೇಳುವುದು ಶಿಲ್ಪಶೈಲಿಯ ಕಾಲನಿರ್ಣಯ. ಕಡಿಯಾಳಿ, ನೀಲಾವರದಂಥ ಮಹಿಷಮರ್ದಿನಿ ಕ್ಷೇತ್ರಗಳು ತುಳುನಾಡಿನಲ್ಲಿ ಹಲವಿವೆ. ಸಿಂಹವಿಲ್ಲದೆ ನಿಂತು, ಕೋಣವನ್ನು ಬಾಲ ಹಿಡಿದು ಎತ್ತಿ, ತಲೆಯನ್ನು ಮೆಟ್ಟಿ ತ್ರಿಶೂಲ ಇರಿಯುವ ದೇವಿಯ ಬಗೆ ಹಳೆಯದು. ಸಿಂಹವಾಹಿನಿಯಾಗಿ ಅನೇಕ ಕೈಗಳೊಡನೆ ಬರುವ ಬಗೆ ಆಮೇಲಿನದು. ಇಂಥ ಬಗೆಗಳನ್ನು ಊರಿನ ಮೇಲೆ ಗುರುತು ಹಾಕುತ್ತ ಹೋದರೆ, ಯಾವ ನದಿಯ ದಂಡೆಯಲ್ಲಿ ಯಾವ ಆರಾಧನೆ ಮೊದಲು ಬೇರೂರಿತು ಎಂಬ ನಕಾಶೆ ಮೂಡತೊಡಗುತ್ತದೆ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದುದೇ. ತೇದಿಯಿಲ್ಲದ ಮೂರ್ತಿಗೆ ತೇದಿ ಕೊಡುವುದು ತೇದಿಯಿರುವ ಇನ್ನೊಂದರ ಜೊತೆ ಹೋಲಿಸಿ. ತೇದಿಯಿರುವವು ಬೆರಳೆಣಿಕೆಯಷ್ಟು. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಗೆ ಪೀಠದ ಮೇಲೆ ಆಳುಪ ಕುಂದವರ್ಮನ ಶಾಸನವಿದೆ, ಅದನ್ನು ಸಾಮಾನ್ಯವಾಗಿ 968ರದೆಂದು ಎಣಿಸುತ್ತಾರೆ. ಅಂಥ ಒಂದು ಗೂಟಕ್ಕೆ ಎಷ್ಟು ಮೂರ್ತಿಗಳನ್ನು ಕಟ್ಟಬಹುದು? ಮಂಗಳೂರಿನ ಕಂಚಿನ ಕುಶಲಿಗನ ಕೈಗೂ ಕಾರ್ಕಳದ ಒಳನಾಡಿನ ಶಿಲ್ಪಿಯ ಕೈಗೂ ಒಂದೇ ಕಾಲದಲ್ಲಿ ಒಂದೇ ಶೈಲಿ ಇತ್ತೆಂದು ಹೇಗೆ ನಂಬುವುದು? ಒಳನಾಡಿನಲ್ಲಿ ಹಳೆಯ ಶೈಲಿ ನೂರು ವರ್ಷ ಹೆಚ್ಚು ಬಾಳಿದ್ದರೆ ಅಲ್ಲಿನ ದೇವಸ್ಥಾನಗಳೆಲ್ಲ ನಕಾಶೆಯಲ್ಲಿ ನೂರು ವರ್ಷ ಹಿಂದಕ್ಕೆ ಸರಿಯುತ್ತವೆ. ಅದಕ್ಕೇ ಭಟ್ಟರ ಒಂದೊಂದು ಮೂರ್ತಿಯ ತೇದಿಯನ್ನು ನಾನು ಸಡಿಲವಾಗಿ ಹಿಡಿಯುತ್ತೇನೆ. ಆದರೆ ಅವರ ನೋಟದ ಸಾಲನ್ನು, ಯಾವುದು ಯಾವುದಕ್ಕಿಂತ ಮೊದಲು ಎಂಬ ಕ್ರಮವನ್ನು, ಅಷ್ಟು ಸುಲಭವಾಗಿ ಬಿಡಲಾಗದು. ತೇದಿ ತಪ್ಪಿದರೂ ಕ್ರಮ ಉಳಿಯಬಹುದು.

ಪದ್ಧತಿಯನ್ನು ಪರೀಕ್ಷಿಸಲು ತೇದಿ ಖಚಿತವಾದ ಜಾಗ ಬೇಕಿತ್ತು. ಕಾರ್ಕಳ ಅದಕ್ಕೆ ಹೇಳಿ ಮಾಡಿಸಿದ ಊರು. ಬಾಹುಬಲಿ ಮೂರ್ತಿಯ ಶಾಸನವನ್ನು ಹುಲ್ಟ್ಸ್ಚ್, ಚತುರ್ಮುಖ ಬಸದಿಯ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು 'ಎಪಿಗ್ರಾಫಿಯ ಇಂಡಿಕಾ'ದಲ್ಲಿ ಪ್ರಕಟಿಸಿದ್ದಾರೆ. ಮೊದಲನೆಯದು ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ. ಎರಡನೆಯದು ಶಕ 1508, ವ್ಯಯ ಸಂವತ್ಸರ, ಚೈತ್ರ. ಶಕವರ್ಷಕ್ಕೆ 78 ಕೂಡಿಸಿದರೆ 1431 ಬರುತ್ತದೆ, ಆದರೆ ಫಾಲ್ಗುಣವಾದ್ದರಿಂದ ಇಂಗ್ಲಿಷ್ ವರ್ಷ ದಾಟಿ 1432 ಆಗುತ್ತದೆ. ಎರಡನೆಯದರಲ್ಲಿ ಚೈತ್ರವಾದ್ದರಿಂದ 1586 ಹಾಗೇ ನಿಲ್ಲುತ್ತದೆ. ಸಂವತ್ಸರದ ಹೆಸರು ಎರಡು ಕಡೆಯೂ ಈ ಲೆಕ್ಕಕ್ಕೆ ಸಾಕ್ಷಿ ನಿಲ್ಲುತ್ತದೆ. ಇಷ್ಟು ಗಟ್ಟಿ ನೆಲ ತುಳುನಾಡಿನಲ್ಲಿ ಅಪರೂಪ.

ನೆಲ ಗಟ್ಟಿಯಾದರೂ ಅದರ ಮೇಲಿನ ಮನುಷ್ಯರು ನಮ್ಮ ಪಟ್ಟಿಗೆ ಸಿಗುವುದಿಲ್ಲ. ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನನ್ನು ಶಾಸನ ಭೈರವನ ಮಗ ಎನ್ನುತ್ತದೆ. ಬಸದಿ ಕಟ್ಟಿಸಿದ ಇಮ್ಮಡಿ ಭೈರವ ಮಾತ್ರ ಹಿಂದಿನ ಭೈರವನ ತಂಗಿ ಗುಮ್ಮಟಾಂಬೆಯ ಮಗ. ಒಂದೇ ಮನೆತನ, ಒಂದೇ ಊರು. ಒಂದು ಕಡೆ ಮಗ, ಇನ್ನೊಂದು ಕಡೆ ಅಳಿಯ. ಎರಡನೆಯದು ನಮಗೆ ಬೇಕಿದ್ದ ಸಾಕ್ಷಿ. ಬರ್ನೆಲ್ ಖೋಟಾ ಎಂದ ಕಾಗದ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅಳಿಯ ಪಟ್ಟವೇರಿದ್ದು ಕಲ್ಲಿನ ಮೇಲಿದೆ. ಮೊದಲನೆಯದರಿಂದ ಅಳಿಯಕಟ್ಟು ಅಲ್ಲಿರಲಿಲ್ಲ ಎನ್ನಬಹುದೇ? ಅದೂ ಆಗದು. ಅಳಿಯಸಂತಾನದ ಮನೆಯಲ್ಲೂ ಮನುಷ್ಯನಿಗೆ ತಂದೆ ಇರುತ್ತಾನೆ, ಶಾಸನದ ಸಂಸ್ಕೃತ ಶ್ಲೋಕಕ್ಕೆ ತಂದೆಯ ಹೆಸರೇ ಒಗ್ಗುವುದು. ಬಂಟರು, ಬಿಲ್ಲವರು, ಜೈನ ಅರಸರು ಒಂದೇ ಕಟ್ಟಿನಲ್ಲಿ ಬಾಳಿದ್ದಾರೆ ಎಂದಾದರೆ, ಜೈನರನ್ನು ಘಟ್ಟದ ಮೇಲಿಂದ ಇಳಿದ ಬೇರೆಯೇ ಜನ ಎಂದು ಬಿಡಿಸಿಟ್ಟ ಹಳೆಯ ಬರಹಗಳಿಗೆ ಇಲ್ಲಿ ತೊಡಕು ಶುರುವಾಗುತ್ತದೆ. ಕಾರ್ಕಳದ ಅರಸರು ತಮ್ಮ ವಂಶವನ್ನು ಹುಂಚದ ಜಿನದತ್ತನಿಗೆ ಒಯ್ಯುತ್ತಾರೆ ಎಂಬುದು ನಿಜ. ಆದರೆ ಮತ ಘಟ್ಟ ಇಳಿದು ಬಂದಿರಬಹುದು, ಉತ್ತರಾಧಿಕಾರದ ಕ್ರಮ ಇಲ್ಲಿನ ಮಣ್ಣಿನದು. ಹಾಗಿರುವಾಗ ಇವರು ಯಾವ ಜನಾಂಗ ಎಂಬ ಪ್ರಶ್ನೆಯೇ ಕುಸಿಯುತ್ತದೆ.

ಕಾರ್ಕಳದಲ್ಲೇ ಅನಂತಶಯನ ದೇವಸ್ಥಾನವೂ ಇದೆ. ಶೃಂಗೇರಿಯ ನರಸಿಂಹ ಭಾರತಿ ಸ್ವಾಮಿಗಳು ಬಂದಾಗ, ತಮಗೆ ಪೂಜಿಸಲು ದೇವರಿಲ್ಲದ ಊರಲ್ಲಿ ನಿಲ್ಲಲಾರೆ ಎಂದರಂತೆ. ಭೈರವರಸ ಆಗಷ್ಟೇ ಕಟ್ಟಿಸಿದ್ದ ಬಸದಿಯಲ್ಲಿ ಅನಂತಶಯನನನ್ನು ಇರಿಸಿದನಂತೆ, ಜೈನ ಗುರುಗಳು ಮುನಿದಾಗ ಅದಕ್ಕಿಂತ ಮಿಗಿಲಾದ ಚತುರ್ಮುಖ ಬಸದಿ ಕಟ್ಟಿಸಿದನಂತೆ. ಇದನ್ನು ಐತಿಹ್ಯವೆಂದಷ್ಟೇ ಸ್ವೀಕರಿಸುತ್ತೇನೆ. ನಡೆದದ್ದು ಹೀಗೆಯೇ ಎನ್ನಲು ಅದು ಸಾಲದು. ಆದರೆ ಒಂದೇ ಪೇಟೆಯಲ್ಲಿ ಎರಡು ಮತಗಳ ಗುಡಿಗಳು ಏಕೆ ಹೀಗೆ ನಿಂತಿವೆ ಎಂಬ ಪ್ರಶ್ನೆ ಹಳಬರನ್ನೂ ಕಾಡಿತ್ತು ಎಂಬುದಕ್ಕೆ ಅದು ಸಾಕು. ಅವರ ಪ್ರಶ್ನೆಯೂ ಜಾಗದ್ದೇ.

ಬಾಗಿಲು ತೆರೆದದ್ದು ಕಾಪುವಿನಲ್ಲಿ, ಪಾದೂರಿನ ನೆರೆಯಲ್ಲೇ. ಕಾಪುವಿನ ಒಂದು ತಾಮ್ರಶಾಸನ 'ಎಪಿಗ್ರಾಫಿಯ ಇಂಡಿಕಾ'ದಲ್ಲಿ ಅಚ್ಚಾಗಿದೆ. ಕಾಪುವಿನ ಅರಸ ಮದ್ದಹೆಗ್ಗಡೆ ಅಲ್ಲಿನ ಧರ್ಮನಾಥ ಬಸದಿಗೆ ಮಲ್ಲಾರಿನ ಭೂಮಿ ಬಿಟ್ಟ ದಾಖಲೆ ಅದು. ತೇದಿ ಶಕ 1479, ನಳ ಸಂವತ್ಸರ. ಕಾರ್ಕಳದ ಲೆಕ್ಕವನ್ನೇ ಹಾಕಿ 78 ಕೂಡಿಸಿದರೆ 1557. ಆದರೆ ನಳ ಸಂವತ್ಸರ ಬರುವುದು 1556ರಲ್ಲಿ. ಒಂದು ವರ್ಷದ ಜಗ್ಗಾಟ. ಶಕವರ್ಷವನ್ನು ಕಳೆದ ವರ್ಷವೆಂದು ಎಣಿಸುವ ರೂಢಿಯೂ ಇತ್ತು, ನಡೆಯುತ್ತಿರುವ ವರ್ಷವೆಂದು ಎಣಿಸುವ ರೂಢಿಯೂ ಇತ್ತು. ಕಾರ್ಕಳದ ಬರಹಗಾರ ಮೊದಲನೆಯ ರೂಢಿಯವನು, ಕಾಪುವಿನವನು ಎರಡನೆಯವನು. ಒಂದೇ ದಿನದ ದಾರಿಯ ಅಂತರದ ಎರಡು ಊರುಗಳಲ್ಲಿ ವರ್ಷ ಎಣಿಸುವ ಕ್ರಮವೇ ಬೇರೆಯಾಗಿದ್ದರೆ, ಶೈಲಿ ಬೇರೆಯಾಗಿದ್ದಿರಬಹುದು ಎಂಬ ಮೇಲಿನ ಆಕ್ಷೇಪಕ್ಕೆ ಇನ್ನಷ್ಟು ಬಲ ಬರುತ್ತದೆ.

ತೇದಿಗಾಗಿ ಈ ಶಾಸನವನ್ನು ಓದತೊಡಗಿದ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಶಾಪಭಾಗ. ದಾನಕ್ಕೆ ತಪ್ಪಿದವರು ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬಂಥ ಮಾತು ಶಾಸನಗಳಲ್ಲಿ ಮಾಮೂಲು, ಓದುಗರು ಅದನ್ನು ಹಾರಿಸಿಬಿಡುತ್ತಾರೆ. ಕಾಪುವಿನ ಶಾಸನ ಶಾಪವನ್ನು ಮತಕ್ಕೊಂದರಂತೆ ಹಂಚುತ್ತದೆ. ತಪ್ಪಿದವನು ಜೈನನಾದರೆ ಬೆಳಗೊಳದ ಗುಮ್ಮಟನಾಥ, ಕೊಪ್ಪಣದ ಚಂದ್ರನಾಥ, ಉಜ್ಜಂತಗಿರಿಯ ನೇಮಿನಾಥ ಮೂರ್ತಿಗಳನ್ನು ಒಡೆದ ಪಾಪ. ಶೈವನಾದರೆ ಪರ್ವತ, ಅಂದರೆ ಶ್ರೀಶೈಲ, ಮತ್ತು ಗೋಕರ್ಣದ ಲಿಂಗಗಳನ್ನು ಒಡೆದ ಪಾಪ. ವೈಷ್ಣವನಾದರೆ ತಿರುಮಲೆಯದು.

ಇದರ ಮುಂದೆ ಬಹಳ ಹೊತ್ತು ಕೂರಬೇಕು. ಆಗ ಈ ಸೀಮೆ ವಿಜಯನಗರದ ಸದಾಶಿವರಾಯನ ಹೆಸರಿನಲ್ಲಿತ್ತು. ಆಡಳಿತ ವೀರಶೈವನಾದ ಕೆಳದಿಯ ಸದಾಶಿವನಾಯಕನದು. ದಾನ ಕೊಡುವವನು ಸ್ಥಳೀಯ ಅರಸ, ಪಡೆಯುವುದು ಜೈನ ಬಸದಿ. ಮುಂದೆ ಈ ಭೂಮಿಗೆ ಕೈಹಾಕಬಲ್ಲವನು ಇವರಲ್ಲಿ ಯಾರೂ ಆಗಬಹುದು. ಹಾಗಾಗಿ ಬರೆದವನು ಎಲ್ಲರನ್ನೂ ಅವರವರ ಭಯದಲ್ಲೇ ಕಟ್ಟಿಹಾಕಿದ. ಮತ ಎಂದರೆ ಅವನಿಗೆ ರಕ್ತವಲ್ಲ, ಹಣೆಬೊಟ್ಟೂ ಅಲ್ಲ, ತತ್ತ್ವವೂ ಅಲ್ಲ. ಯಾವ ಜಾಗ ಒಡೆದರೆ ನಿನ್ನ ಎದೆ ಒಡೆಯುತ್ತದೆಯೋ ಅದು ನಿನ್ನ ಮತ. 1556ರ ಕಾಪುವಿನ ಬರಹಗಾರ ಮನುಷ್ಯರನ್ನು ಕ್ಷೇತ್ರಗಳಿಂದ ಗುರುತಿಸಿದ. ಈ ಅರ್ಥ ನಾನು ಹೊರಗಿಂದ ಹೇರಿದ್ದೇ ಎಂದು ಪರೀಕ್ಷಿಸಿದೆ. ಶಾಪದಲ್ಲಿ ಕ್ಷೇತ್ರಗಳ ಹೆಸರು ಬರುವುದು ರೂಢಿ ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ. ಆದರೆ ರೂಢಿಯ ಶಾಪ ಎಲ್ಲರಿಗೂ ಒಂದೇ ಕಾಶಿಯನ್ನು ತೋರಿಸುತ್ತದೆ. ಇಲ್ಲಿ ಓದುಗರನ್ನು ಮೂರಾಗಿ ಬೇರ್ಪಡಿಸಿ ಮೂರು ದಿಕ್ಕು ತೋರಿಸಿದ್ದಾನೆ. ಅದಕ್ಕೆ ಯೋಚನೆ ಬೇಕು, ನೆರೆಮನೆಯವನ ದೇವರು ಎಲ್ಲಿದ್ದಾನೆ ಎಂಬ ತಿಳಿವಳಿಕೆ ಬೇಕು.

ಇದಾದ ಮೇಲೆ ಭಟ್ಟರ ಗ್ರಂಥವನ್ನು ಮತ್ತೆ ತೆರೆದಾಗ ಅದು ಮೂರ್ತಿಗಳ ತೇದಿಪಟ್ಟಿಯಾಗಿ ಮಾತ್ರ ಕಾಣಲಿಲ್ಲ. ಜಾತಿಗಳ ಅಕಾರಾದಿ ಕೈಯಲ್ಲೇ ಇದ್ದ ಕಾಲದಲ್ಲಿ ಅವರು ಊರಿನ ಹಾದಿ ಹಿಡಿದರು. ಶಿವಳ್ಳಿ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಕೆಥೊಲಿಕರ ಕಾಲೇಜಿನ ಪ್ರಿನ್ಸಿಪಾಲರಾಗಿ, ಬಸದಿ, ಶಿವಾಲಯ, ದುರ್ಗೆಯ ಗುಡಿ ಎನ್ನದೆ ಒಂದೇ ಕ್ಯಾಮೆರಾದಿಂದ ನೋಡಿದರು. 1969ರ ಪುಸ್ತಕದ ಹೆಸರಿನಲ್ಲಿ ಸರಕಾರ ಕೊಟ್ಟ ಜಿಲ್ಲೆಯಿದೆ, 1975ರದರಲ್ಲಿ ಭಾಷೆಯ ನಾಡಿದೆ. ಹೆಸರಿನ ಈ ಬದಲಾವಣೆಯ ಮೇಲೆ ಹೆಚ್ಚು ಭಾರ ಹಾಕಲಾರೆ, ಸಾಲೆತ್ತೂರರು ಅವರಿಗಿಂತ ಮೊದಲೇ ತುಳುವ ಎಂದಿದ್ದರು. ಆದರೂ ಜಿಲ್ಲೆಯ ಗೆರೆಯೊಳಗಿನ ಪುರಾತನ ವಸ್ತುಗಳಿಂದ ಒಂದು ನಾಡಿನ ಸಂಸ್ಕೃತಿಗೆ ನಡೆದದ್ದು ಪುಟಗಳಲ್ಲಿ ಕಾಣುತ್ತದೆ.

ಈ ದಾರಿ ಕಲ್ಲಿನಲ್ಲಿ ನಿಲ್ಲುತ್ತದೆ ಎಂಬುದು ಅದರ ಮಿತಿ. ಕಲ್ಲಿನ ಮೂರ್ತಿ ಇಟ್ಟವರು ನಕಾಶೆಯಲ್ಲಿ ಉಳಿದರು. ಮರದ ಉಜ್ಜಾಲು, ಲೋಹದ ಮೊಗ, ಬನದ ಬುಡದಲ್ಲೊಂದು ಒರಟು ಕಲ್ಲು, ಇಷ್ಟೇ ಇದ್ದವರ ಆರಾಧನೆಗೆ ಶೈಲಿಯಿಂದ ತೇದಿ ಕಟ್ಟಲಾಗದು. ಮೊಗವೀರರ ದೈವವಾದ ಬೊಬ್ಬರ್ಯನ ಪಾಡ್ದನದಲ್ಲಿ ಬ್ಯಾರಿ ತಂದೆಯೂ ಜೈನ ತಾಯಿಯೂ ಬರುತ್ತಾರೆ, ಕಡಲಬದಿಯ ಅವನ ಗುಂಡಗಳು ಯಾವ ಮತದ ಖಾನೆಗೂ ಕೂರುವುದಿಲ್ಲ. ಈ ಕೊರತೆಯನ್ನು ತುಂಬಿದವರು ಕಲ್ಲಿನ ಬದಲು ಬಾಯಿಗೆ ಕಿವಿಗೊಟ್ಟವರು. ಅಮೆರಿಕದ ಪೀಟರ್ ಕ್ಲಾಸ್, ಮೌಖಿಕ ಸಾಹಿತ್ಯದ ದೊಡ್ಡ ಕೆಲಸ ಮಾಡಿದ ಬಿ. ಎ. ವಿವೇಕ ರೈ, ಭೂತಾರಾಧನೆಯನ್ನು ಅದರ ಅಂಗಳದಲ್ಲೇ ನಿಂತು ವಿವರಿಸಿದ ಕೆ. ಚಿನ್ನಪ್ಪ ಗೌಡ, ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟು ಕಟ್ಟಿದ ಯು. ಪಿ. ಉಪಾಧ್ಯಾಯರ ಬಳಗ.

ಇವರಾದ ಮೇಲೂ ಕೊರಗರ ಪ್ರಶ್ನೆ ಉಳಿಯುತ್ತದೆ. ಉಳ್ಳಾಲ ರಾಘವೇಂದ್ರ ರಾಯರು 1874ರ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಅವರ ಬಗ್ಗೆ ಬರೆದರು, ಅದನ್ನು ಥರ್ಸ್ಟನ್ ಎತ್ತಿಕೊಂಡರು. ಹುಬಾಶಿಕನೆಂಬ ಅರಸ ದಂಡೆತ್ತಿ ಬಂದು ತುಳುನಾಡನ್ನು ಕೆಲಕಾಲ ಆಳಿದ, ಆಮೇಲೆ ಅವನ ಜನ ಸೋತು ಕಾಡುಪಾಲಾದರು, ಕೊರಗರು ಅವರೇ ಎಂಬ ಐತಿಹ್ಯ ಅಲ್ಲಿಂದ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂತು. ಎಷ್ಟು ಕಡೆ ಅಚ್ಚಾಗಿದ್ದರೂ ಅದು ಒಂದೇ ಸಾಕ್ಷಿ. ಆ ಐತಿಹ್ಯ ಯಾರಿಗೆ ಅನುಕೂಲ ಎಂದೂ ಕೇಳಬೇಕು: ಒಂದು ಜನವನ್ನು ಅಂಗಳದಾಚೆ ನಿಲ್ಲಿಸಿದ್ದಕ್ಕೆ ಯುದ್ಧದ ಸೋಲು ಕಾರಣವಾಗಿಬಿಟ್ಟರೆ, ನಿಲ್ಲಿಸಿದವರ ಪ್ರಶ್ನೆ ಏಳುವುದಿಲ್ಲ. ಅದಕ್ಕಿಂತ ನೇರವಾದ ದಾಖಲೆ 2000ದ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಕೂಲಿಯಿಲ್ಲದೆ ದುಡಿಸುವುದು ಇವೆಲ್ಲ ಅಪರಾಧವೆಂದು ಅದು ಹೇಳುತ್ತದೆ. ಇಲ್ಲದ ಆಚರಣೆಯನ್ನು ಯಾರೂ ಕಾಯಿದೆ ಮಾಡಿ ನಿಷೇಧಿಸುವುದಿಲ್ಲ. ಓದುವಾಗ ಎದೆ ಭಾರವಾಗುವ ಈ ಕಾಯಿದೆಯ ವಿವರಣೆ ಏಳು ಸಂಪುಟಗಳ ಅಳತೆಗಿಂತ ಹೆಚ್ಚು ನಂಬಬಹುದಾದ ಸಾಕ್ಷಿ.

ಅದರಲ್ಲೇ ಮುಂದಿನ ಜಾಡೂ ಇದೆ. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಡೋಲು ಬಡಿಯುತ್ತ ಬೆಳಗು ಮಾಡುತ್ತಿದ್ದರು. ಹಳೆಯ ಸಾಂಪ್ರದಾಯಿಕ ಕಂಬಳಗದ್ದೆಗಳು ಗುತ್ತು, ಬೀಡುಗಳಿಗೆ ಸೇರಿದವು, ಕಾಪು ಬಳಿಯ ಕಟಪಾಡಿಯ ಬೀಡಿನದು ಅಂಥದ್ದೊಂದು. ಗದ್ದೆಗೆ ಸರ್ವೆ ನಂಬರ್ ಇದೆ, ಅಡಂಗಲ್ ಎಂಬ ಕಂದಾಯದ ಲೆಕ್ಕಪುಸ್ತಕದಲ್ಲಿ ವರ್ಗದಾರನ ಹೆಸರಿದೆ, ದೈವಕ್ಕೆ ಬಿಟ್ಟ ಉಂಬಳಿಯ ಲೆಕ್ಕವಿದೆ. ಭಟ್ಟರು ಮೂರ್ತಿಗಳನ್ನು ಗುರುತು ಹಾಕಿದ ಹಾಗೆ ಈ ಗದ್ದೆಗಳನ್ನು ಗುರುತು ಹಾಕಿದರೆ, ಡೋಲಿನವರು ಎಲ್ಲಿಂದ ಎಲ್ಲಿಗೆ ನಡೆದು ಬರುತ್ತಿದ್ದರು ಎಂಬುದು ತಿಳಿಯಬಹುದು. ಅಡಂಗಲ್‌ನಲ್ಲಿ ಅವರ ಹೆಸರಿಲ್ಲ. ಯಾವ ಗದ್ದೆ, ಯಾವ ಬೀಡು, ಯಾವ ದಾರಿ ಎಂದು ಕೊರಗರ ಕೊಪ್ಪಗಳಲ್ಲಿರುವ ಹಿರಿಯರನ್ನೇ ಕೇಳಬೇಕು, ಅವರು ಹೇಳಲು ಒಪ್ಪಿದರೆ.